ಬೆಸದವಳು

ಸಿರುಗುಪ್ಪದ ಮೈದಾನದಲ್ಲಿ ಊಟದ ಬಿಡುವು ಮುಗಿದು ಆಟ ಮತ್ತೆ ಶುರುವಾದ ಸ್ವಲ್ಪ ಹೊತ್ತಿಗೇ ಅಂಪೈರ್ ಜ್ಯೋತಿಲಕ್ಷ್ಮಿ ಔಟೆಂದು ಬೆರಳೆತ್ತಿದಳು. ಚೆಂಡು ಮಧ್ಯದ ಸ್ಟಂಪಿಗೆ ನೇರವಾಗಿ ಸುಂಕಣ್ಣನ ಪ್ಯಾಡಿಗೆ ಬಡಿದಿತ್ತು. ಅವಳಿಗೆ ಅನುಮಾನವಿರಲಿಲ್ಲ. ಸುಂಕಣ್ಣ ಸಿರುಗುಪ್ಪ ತಂಡದ ನಾಯಕ. ಅವನ ಆಟ ನೋಡುವುದಕ್ಕೆಂದೇ ಅರ್ಧ ಊರು ಕಾಂಪೌಂಡಿನ ಮೇಲೆ ಕೂತಿತ್ತು. ಅವನು ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು ಅವಳ ಪಕ್ಕದಲ್ಲೇ ಹಾದುಹೋಗುತ್ತ, "ಬ್ಯಾಟಿಗೆ ಬಡಿದಿತ್ತು ಮೇಡಂ. ನಿಮಗ ಕೇಳಿಸ್ಲಿಲ್ಲೇನ್ರಿ?" ಎಂದ. ಕಾಂಪೌಂಡಿನ ಮೇಲಿನಿಂದ ಯಾರೋ, ಮೇಡಂ ಅವರಿಗೆ ಕನ್ನಡಕ ಕೊಡಿಸ್ರಪ್ಪಾ ಎಂದು ಕೂಗಿದರು. ಒಂದಷ್ಟು ನಗು ಎದ್ದಿತು.

ಅವಳು ಜೇಬಿನಲ್ಲಿದ್ದ ಉಂಡೆಕಲ್ಲುಗಳನ್ನು ಎಣಿಸುತ್ತ ನಿಂತಳು. ಎಸೆತಕ್ಕೊಂದು ಕಲ್ಲು ಈ ಜೇಬಿನಿಂದ ಆ ಜೇಬಿಗೆ ಹೋಗಬೇಕು. ಹದಿನೈದು ವರ್ಷದಿಂದ ಅದೇ ಲೆಕ್ಕ. ಮೊದಮೊದಲು ಹೀಗೆ ಯಾರಾದರೂ ಕೂಗಿದರೆ ಮುಖ ಬಿಸಿಯಾಗುತ್ತಿತ್ತು. ಆಮೇಲೆ ಸಿಟ್ಟು ಬರುತ್ತಿತ್ತು. ಈಗ ಏನೂ ಬರುವುದಿಲ್ಲ. ಕಾಲು ನೋಯುತ್ತದೆ, ಅಷ್ಟೇ.

ಕುರುಗೋಡಿನ ಹೈಸ್ಕೂಲಿನಲ್ಲಿ ಅವಳು ಪಿ.ಟಿ. ಟೀಚರು. ಬಳ್ಳಾರಿಯಲ್ಲಿ ಬಾಡಿಗೆ ಮನೆ. ವಾರವೆಲ್ಲ ಬಸ್ಸು, ಶಾಲೆ, ಬಸ್ಸು. ಭಾನುವಾರ ಬಂತೆಂದರೆ ಎಲ್ಲಾದರೂ ಒಂದು ಮ್ಯಾಚು. ಜಿಲ್ಲೆಯಲ್ಲಿ ಅಂಪೈರ್ ಪರೀಕ್ಷೆ ಪಾಸು ಮಾಡಿದ ಹೆಂಗಸರು ಹೆಚ್ಚಿಲ್ಲ. ಕರೆದಾಗ ಇಲ್ಲವೆನ್ನುವ ಅಭ್ಯಾಸ ಅವಳಿಗೂ ಇಲ್ಲ.

ಆ ದಿನ ಸಿರುಗುಪ್ಪ ಸೋತಿತು. ಸೋತವರು ಸುಂಕಣ್ಣನ ವಿಕೆಟ್ಟಿಗಾಗಿ ಗೊಣಗಿದರು. ಗೆದ್ದವರೂ ಸುಮ್ಮನಿರದೆ, ತಾವು ಕೇಳಿದ ಒಂದು ಕ್ಯಾಚನ್ನು ಆಕೆ ಕೊಡಲಿಲ್ಲವೆಂದು ಮಾತಾಡಿಕೊಂಡರು. ಶಾಮಿಯಾನದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವ ಹೊತ್ತಿಗೆ ಅಲ್ಲಿ ಉಳಿದವರು ಇಬ್ಬರೇ, ಅವಳು ಮತ್ತು ಇನ್ನೊಂದು ತುದಿಯ ಅಂಪೈರ್ ವಿಠ್ಠಲರಾಯರು.

ವಿಠ್ಠಲರಾಯರು ಬಳ್ಳಾರಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ತೆಳ್ಳನೆಯ ಆಳು. ಹಣೆಯ ಮೇಲೆ ಅಕ್ಷತೆ ಅಂಗಾರ, ತಲೆಯ ಮೇಲೆ ಬಿಳಿ ಹ್ಯಾಟು. ಏಕಾದಶಿ ಬಂದರೂ ಮ್ಯಾಚು ಬಿಡದೆ, ಉಪವಾಸದಲ್ಲೇ ದಿನವಿಡೀ ನಿಲ್ಲುವವರು.

"ಎರಡೂ ಕಡೆಯವರು ಬೈದರೆ ನಾವು ಸರಿ ಇದ್ದೀವಿ ಅಂತ ಅರ್ಥರೀ, ಜ್ಯೋತಿಲಕ್ಷ್ಮೀಬಾಯಿ," ಎಂದರು ಅವರು, ಚೀಲ ಹೆಗಲಿಗೇರಿಸುತ್ತ.

"ಯಾರೂ ಬೈಯದಿದ್ರ ಚಲೋ ಇರ್ತಿತ್ತು ಸರ್," ಎಂದಳು ಜ್ಯೋತಿಲಕ್ಷ್ಮಿ.

ಬಳ್ಳಾರಿ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಅವಳು ಆಧಾರ್ ತೋರಿಸಿ ಹೆಂಗಸರ ಟಿಕೆಟ್ ತೆಗೆದುಕೊಂಡಳು. ಕಿಟಕಿಯಾಚೆ ಭತ್ತದ ಗದ್ದೆಗಳು ಹಣ್ಣಾಗಿ ಬಾಗಿದ್ದವು. ಕೆಲವು ಕಡೆ ಕಟಾವು ಮಷಿನ್ನುಗಳು ಧೂಳೆಬ್ಬಿಸುತ್ತಿದ್ದವು. ಫೋನು ಕೈಯಲ್ಲೇ ನಡುಗಿತು. ಅವಳು ನೋಡಿ ಮಡಿಲಲ್ಲಿ ಕವುಚಿ ಇಟ್ಟಳು. ಅದು ನಿಂತ ಮೇಲೆ ಮತ್ತೆ ನಡುಗಿತು. ಆಗಲೂ ಎತ್ತಲಿಲ್ಲ.

"ಮನೀದಾ?" ಎಂದು ರಾಯರು ಕೇಳಿದರು.

"ತಮ್ಮಂದಿರು ಸರ್. ಮೊದಲು ದೊಡ್ಡಾವ, ಆಮ್ಯಾಲೆ ಸಣ್ಣಾವ. ಒಬ್ಬ ಫೋನ್ ಮಾಡಿದ್ರ ಇನ್ನೊಬ್ಬಗ ಹೆಂಗ ಗೊತ್ತಾಗತೈತೋ."

ರಾಯರು ಮುಂದೆ ಕೇಳಲಿಲ್ಲ. ಆದರೆ ಅವಳೇ ಹೇಳಿದಳು. ದಣಿದಾಗ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಸಿರುಗುಪ್ಪಕ್ಕೆ ಹತ್ತಿರದ ಹಳ್ಳಿಯಲ್ಲಿ ಅವಳ ತವರು. ಅಪ್ಪ ಸಾಯುವ ಮುಂಚೆ ಕಾಲುವೆ ಪಕ್ಕದ ಗದ್ದೆಯನ್ನು ಇಬ್ಬರು ಗಂಡುಮಕ್ಕಳಿಗೆ ಹಂಚಿದ್ದ. ರಸ್ತೆಗೆ ಹತ್ತಿದ ಮುಂದಿನ ಭಾಗ ದೊಡ್ಡವನಾದ ಹನುಮೇಶನಿಗೆ, ಹಿಂದಿನದು ಅಂಜಿನಿಗೆ. ಅಂಜಿನಿಯ ಗದ್ದೆಗೆ ಹೋಗಬೇಕಾದರೆ ಹನುಮೇಶನ ಬದುವಿನ ಅಂಚಿನ ಬಂಡಿದಾರಿಯೇ ಗತಿ. ಹೋದ ವರ್ಷ ಅಂಜಿನಿ ತರಿಸಿದ ಕಟಾವು ಮಷಿನ್ನು ಆ ದಾರಿಯಲ್ಲಿ ಹಿಡಿಸದೆ ಬದು ಒಡೆದು ಹೋಗಿತ್ತು. ಈ ಸಲ ಹನುಮೇಶ ದಾರಿಗೂ ಸೇರಿಸಿ ಭತ್ತ ನಾಟಿ ಮಾಡಿದ್ದ. ಒಬ್ಬ ಮನುಷ್ಯ ನಡೆಯುವಷ್ಟು ಮಾತ್ರ ಬಿಟ್ಟಿದ್ದ. ಈಗ ಅಂಜಿನಿಯ ಭತ್ತ ಕೊಯ್ಲಿಗೆ ಬಂದಿತ್ತು. ಅಣ್ಣತಮ್ಮಂದಿರು ಮಾತು ಬಿಟ್ಟು ಎರಡು ವರ್ಷವಾಗಿತ್ತು. ಒಬ್ಬನಿಗೆ ಇನ್ನೊಬ್ಬನು ಹೇಳಬೇಕಾದದ್ದೆಲ್ಲ ಅಕ್ಕನ ಫೋನಿನ ಮೂಲಕವೇ ಹೋಗುತ್ತಿತ್ತು.

"ಇಬ್ರೂ ಒಂದೇ ಮಾತು ಹೇಳ್ತಾರ ಸರ್, ಅಕ್ಕ ಹೇಳಿದಂಗ ಆಗ್ಲಿ ಅಂತ. ನಾ ಹೇಳ್ತೀನಿ. ಆಮ್ಯಾಲೆ ಯಾರಿಗೆ ಕಡಿಮಿ ಬೀಳತೈತೋ ಅವರು ನನ್ನ ಕೂಡ ಮಾತು ಬಿಡ್ತಾರ. ಮನಿ ನಡುವ ಗ್ವಾಡಿ ಎಬ್ಬಿಸುವಾಗ ಹಿಂಗೇ ಆತು. ಮುಂದಿನ ಬಾಗಲಾ ಅಂಜಿನಿಗೆ ಇರ್ಲಿ ಅಂದೆ. ಹನುಮೇಶ ಮುಂದಿನ ದೀಪಾವಳಿ ತನಕ ಫೋನ್ ಎತ್ತಲಿಲ್ಲ."

ರಾಯರು ಹ್ಯಾಟನ್ನು ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ನೀವು ಆ ಮನೀಗೂ ಅಂಪೈರೇ ಅನ್ನಿರಿ," ಎಂದರು. ಆಮೇಲೆ ಪಾಠ ಹೇಳಿದವರ ಹಳೆಯ ಚಟ ಎದ್ದಿತು. "ಈ ಅಂಪೈರ್ ಅನ್ನೋ ಮಾತು ಎಲ್ಲಿಂದ ಬಂತು ಗೊತ್ತದೇನು ನಿಮಗ?"

"ಇಂಗ್ಲಿಷಿನದಲ್ಲೇನ್ರಿ?"

"ಇಂಗ್ಲಿಷರು ಫ್ರೆಂಚರ ಕಡೆಯಿಂದ ತಂದದ್ದು. ಕ್ರಿಕೆಟ್ ಇನ್ನೂ ಹುಟ್ಟಿರಲಿಲ್ಲ, ಆಗಿನ ಕಾಲದ್ದು. ಆಗ ಅದರ ಮುಂದೆ ಒಂದು 'ನ' ಇತ್ತು. ನಂಪೈರ್ ಅಂತಿದ್ದರು ಅನ್ನಿರಿ. ಎ ನಂಪೈರ್, ಎ ನಂಪೈರ್ ಅಂತ ಬಿರಬಿರನೆ ಅಂದು ಅಂದು ಆ 'ನ' ಹಿಂದಿನ ಅಕ್ಷರಕ್ಕೆ ಹೋಗಿ ಅಂಟಿಕೊಂಡಿತು. ಆ್ಯನ್ ಅಂಪೈರ್ ಆತು. ಏಪ್ರನ್ ಅನ್ನೋದಕ್ಕೂ ಇದೇ ಗತಿ ಆಗ್ಯದ. ಅದೂ ಮೊದಲು ನೇಪ್ರನ್ ಇತ್ತು."

ಜ್ಯೋತಿಲಕ್ಷ್ಮಿ ಬಾಯೊಳಗೇ ಎರಡು ಸಲ ಅಂದು ನೋಡಿದಳು. ಹೌದು, ಹಾಗೇ ಜಾರುತ್ತಿತ್ತು. "ಅದರ ಅರ್ಥ ಏನ್ರಿ ಮತ್ತ?"

"ನಾನ್ ಅಂದರ ಅಲ್ಲ. ಪೇರ್ ಅಂದರ ಜೋಡಿ. ಜೋಡಿ ಅಲ್ಲದ್ದು. ಸಮ ಬೆಸ ಅಂತೀವಲ್ಲ, ಅದರಾಗಿನ ಬೆಸ. ಜಗಳ ಆಡೋರು ಇಬ್ಬರು, ಅವರದು ಜೋಡಿ. ನಡುವ ನಿಂತಾವ ಮೂರನೇದಾವ, ಯಾವ ಜೋಡಿಗೂ ಸೇರದಾವ. ಅವನೇ ಅಂಪೈರ್."

ಬಸ್ಸು ರಸ್ತೆಯ ಉಬ್ಬಿನ ಮೇಲೆ ಎಗರಿ ಬಿತ್ತು. ಜ್ಯೋತಿಲಕ್ಷ್ಮಿ ಕಿಟಕಿಯತ್ತ ಮುಖ ತಿರುಗಿಸಿದಳು. ನಲವತ್ತನಾಲ್ಕು ವರ್ಷದ ಅವಳಿಗೆ ಎರಡು ಸಲ ಗಂಡು ಗೊತ್ತಾಗಿ, ಎರಡು ಸಲವೂ ಮುರಿದಿತ್ತು. ಆಮೇಲೆ ಕೇಳುವವರು ಕೇಳುವುದನ್ನು ಬಿಟ್ಟಿದ್ದರು. ಅವಳೂ ಅದನ್ನು ದೊಡ್ಡದು ಮಾಡಿಕೊಂಡಿರಲಿಲ್ಲ. ಆದರೆ ಈ ಬಸ್ಸಿನಲ್ಲಿ, ಈ ಸುಸ್ತಿನಲ್ಲಿ, ಆ ಮಾತು ಎಲ್ಲೋ ತಾಗಿತು. ಎಲ್ಲರೂ ನನ್ನನ್ನೇ ಯಾಕೆ ಕರೆಯುತ್ತಾರೆಂಬುದಕ್ಕೆ ಇಂಗ್ಲಿಷಿನವರ ಹತ್ತಿರ ಮೊದಲೇ ಒಂದು ಹೆಸರಿತ್ತು ಎಂದುಕೊಂಡಳು.

ರಾಯರಿಗೆ ತಡವಾಗಿ ಹೊಳೆಯಿತು. "ನಾ ಬರೇ ಶಬ್ದದ ಮಾತು ಹೇಳಿದ್ದರೀ. ಮತ್ತೊಂದು ತಿಳ್ಕೋಬ್ಯಾಡ್ರಿ," ಎಂದು ತಡವರಿಸಿದರು.

"ಇಲ್ಲ ಬಿಡ್ರಿ ಸರ್. ಖರೇನೇ ಐತಲ್ಲ."

ಸಂಜೆಯ ಬಿಸಿಲು ಸೀಟುಗಳ ಮೇಲೆ ಬಿದ್ದಿತ್ತು. ಬಳ್ಳಾರಿ ಹತ್ತಿರವಾಗುವಾಗ ರಾಯರು ಮತ್ತೆ ಬಾಯಿಬಿಟ್ಟರು. ತಪ್ಪನ್ನು ತಿದ್ದುವ ಅವಸರ ಅವರ ದನಿಯಲ್ಲಿತ್ತು.

"ಇನ್ನೊಂದು ಅದರೀ. ಆಗಿನ ಕಾಲದಾಗ ಆ ಮೂರನೇದಾವ ತಾನಾಗಿ ಹೋಗಿ ನಿಲ್ಲತಿದ್ದಿಲ್ಲ. ಒಬ್ಬನೇ ಕರೆದರೂ ನಡೀತಿದ್ದಿಲ್ಲ. ಇಬ್ಬರೂ ಕೂಡಿ, ಇವನ ಮಾತು ಕೇಳ್ತೀವಿ ಅಂತ ಮೊದಲು ಒಪ್ಪಬೇಕು. ಆಮೇಲೆ ಅವನ ಮಾತು. ನಮ್ಮ ಆಟದಾಗೂ ಹಂಗೇ ಅಲ್ಲೇನು? ಬೌಲರ್ ಕೇಳದೇ ನಾವು ಔಟ್ ಕೊಡ್ತೀವೇನು?"

ಅವಳು ತಲೆಯಾಡಿಸಿದಳು. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಅವರಿಗೆ ನಮಸ್ಕಾರ ಹೇಳಿ ಆಟೋ ಹಿಡಿದಳು. ಮನೆಗೆ ಹೋಗಿ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತಾಗಲೂ ಆ ಕೊನೆಯ ಮಾತು ಅವಳನ್ನು ಬಿಡಲಿಲ್ಲ.

ಸೋಮವಾರ ಶಾಲೆಯಲ್ಲಿ ಗಣಿತದವರೂ ವಿಜ್ಞಾನದವರೂ ಒಂದು ಪೀರಿಯಡ್ಡಿಗಾಗಿ ಜಗಳಕ್ಕೆ ಬಿದ್ದರು. ಆ ಪೀರಿಯಡ್ಡು ಆಟದ್ದೇ. ಇಬ್ಬರೂ ಅವಳ ಹತ್ತಿರ ಬಂದು, ಯಾರಿಗೆ ಬಿಟ್ಟುಕೊಡುತ್ತೀರಿ ನೀವೇ ಹೇಳಿರಿ ಎಂದರು. ಅವಳು ಯಾರಿಗೂ ಕೊಡದೆ ಮಕ್ಕಳನ್ನು ಕರೆದುಕೊಂಡು ಮೈದಾನಕ್ಕೆ ಹೋದಳು. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಹನುಮೇಶನ ಫೋನು ಬಂತು. "ಅವನಿಗೆ ಹೇಳಕ್ಕ, ಮಷಿನ್ ನನ್ನ ಗದ್ದಿಗೆ ಇಳಿದ್ರ ನಾ ಅಡ್ಡ ಮಲಗ್ತೀನಿ." ಸಂಜೆ ಬಸ್ಸಿನಲ್ಲಿದ್ದಾಗ ಅಂಜಿನಿಯ ಫೋನು. "ಅವನಿಗೆ ಹೇಳಕ್ಕ, ಅಪ್ಪ ಇದ್ದಾಗಿನ ದಾರಿ ಅದು, ಅವನ ಮಾವನ ಮನ್ಯಾಗಿಂದ ತಂದದ್ದಲ್ಲ." ಅವಳು ಇಬ್ಬರಿಗೂ ಹೂಂ ಎಂದಳು. ಯಾರಿಗೂ ಏನನ್ನೂ ದಾಟಿಸಲಿಲ್ಲ.

ಬುಧವಾರ ಅಂಜಿನಿ ಬೈಕಿನಲ್ಲಿ ಕುರುಗೋಡಿಗೇ ಬಂದ. ಶಾಲೆಯ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು. ಅವನಿಗಿಂತ ಎಂಟು ವರ್ಷ ದೊಡ್ಡವಳಾದ ಅವಳಿಗೆ ಅವನನ್ನು ಕಂಕುಳಲ್ಲಿ ಎತ್ತಿ ತಿರುಗಿದ್ದು ನೆನಪಿದೆ. ಅವಳು ಬಾಟಲಿಯ ನೀರು ಕೊಟ್ಟಳು.

"ಶನಿವಾರಕ್ಕ ಮಷಿನ್ ಗೊತ್ತು ಮಾಡೀನಕ್ಕ," ಎಂದ ಅವನು ಬಾಯಿ ಒರೆಸಿಕೊಳ್ಳುತ್ತ. "ಅದು ತಪ್ಪಿದ್ರ ಮತ್ತ ಯಾವಾಗ ಸಿಗತೈತೋ. ಮೋಡ ಬ್ಯಾರೆ ಆಗಾಕತ್ತೈತಿ. ನೀ ಒಂದು ಮಾತು ಹೇಳು. ನೀ ಹೇಳಿದ್ರ ಅವ ಕೇಳ್ತಾನ."

"ನಾ ಹೇಳಿದ್ದು ಯಾವಾಗ ಕೇಳ್ಯಾರಲೇ ನೀವು?"

"ಈ ಸಲ ಕೇಳ್ತೀವಿ."

"ಕೇಳ್ತೀನಿ ಅನ್ನು. ಅವನ ಮಾತು ನೀ ಆಡಬ್ಯಾಡ." ಅವಳು ಗೇಟಿಗೆ ಒರಗಿ ನಿಂತಳು. ಏನು ಹೇಳಬೇಕೆಂದು ಆ ಗಳಿಗೆಯವರೆಗೆ ಅವಳಿಗೂ ಗೊತ್ತಿರಲಿಲ್ಲ. "ನಾ ಬರ್ತೀನಿ ಅಂಜಿನಿ. ಆದ್ರ ನೀವಿಬ್ರೂ ಕೂಡಿ ಕರೀಬೇಕು. ಒಂದ ಕಡಿ ಕುಂತು, ಒಂದ ಫೋನಿನ್ಯಾಗ. ಅಕ್ಕ ಏನ್ ಹೇಳಿದ್ರೂ ಕೇಳ್ತೀನಿ ಅಂತ ನಿನ್ನ ಮುಂದ ಅವ, ಅವನ ಮುಂದ ನೀ ಹೇಳ್ಬೇಕು. ಹಂಗಿದ್ರ ಬರ್ತೀನಿ."

"ನಾವು ಮಾತಾಡಾಂಗಿಲ್ಲಲ್ಲಕ್ಕ."

"ಹಂಗಾರ ನಾ ಬರಾಂಗಿಲ್ಲ."

ಅಂಜಿನಿ ಅವಳ ಮುಖವನ್ನೇ ನೋಡಿದ. ಅಕ್ಕ ಹೀಗೆ ಅಂದದ್ದನ್ನು ಅವನು ಕೇಳಿರಲಿಲ್ಲ. "ಭತ್ತ ಹಾಳಾಗತೈತಕ್ಕ," ಎಂದ ಸಣ್ಣ ದನಿಯಲ್ಲಿ.

"ಗೊತ್ತೈತಿ. ನನಗೂ ಸಾಕಾಗೇತಿ ಅಂಜಿನಿ. ನಿಮ್ಮ ಸಿಟ್ಟು ಅತ್ತಿಂದಿತ್ತ ಹೊತ್ತು ಹೊತ್ತು ಸಾಕಾಗೇತಿ."

ಅವನು ಬೈಕ್ ಒದ್ದು ಹೊರಟುಹೋದ.

ಗುರುವಾರ ಫೋನಿಲ್ಲ. ದಿನಕ್ಕೆ ನಾಲ್ಕಾರು ಸಲ ನಡುಗುತ್ತಿದ್ದ ಫೋನು ಸುಮ್ಮನೆ ಬಿದ್ದಿತ್ತು. ಅದು ನೆಮ್ಮದಿ ಕೊಡಬೇಕಿತ್ತು, ಕೊಡಲಿಲ್ಲ. ಸಂಜೆಗೆ ಅವ್ವ ಉಚ್ಚೆಂಗೆಮ್ಮನೇ ಮಾಡಿದಳು. ಪಕ್ಕದ ಮನೆಯವರಿಂದ ನಂಬರ್ ಒತ್ತಿಸಿಕೊಂಡಿರಬೇಕು. ಹಲೋ ಎಂಬುದೂ ಇಲ್ಲದೆ ಶುರು ಮಾಡಿದಳು.

"ಏನಂದಿ ನೀ ಅಂಜಿನಿಗೆ? ಹುಡುಗ ಉಂಡಿಲ್ಲ. ಬಂದು ಒಂದು ಮಾತು ಹೇಳಿ ಹೋಗಾಕ ನಿನಗೇನು ತ್ರಾಸು? ಗಂಡ ಅದಾನೋ, ಮಕ್ಕಳು ಅದಾವೋ?"

ಜ್ಯೋತಿಲಕ್ಷ್ಮಿ ಒಲೆಯ ಮೇಲಿನ ಹಾಲನ್ನು ನೋಡುತ್ತ ನಿಂತಿದ್ದಳು. ಅದು ಉಕ್ಕುವ ಮುಂಚೆ ಆರಿಸಿದಳು. "ಯಾರೂ ಇಲ್ಲ ಅಂತ ನಾ ಎಲ್ಲರಿಗೂ ಇರ್ಬೇಕೇನವ್ವ?" ಎಂದಳು. ದನಿ ಏರಿಸಲಿಲ್ಲ. ಆ ಕಡೆಯಿಂದ ಯಾರೋ ಫೋನ್ ಕಟ್ ಮಾಡಿದರು.

ಆ ರಾತ್ರಿ ಅವಳು ಊಟ ಮಾಡದೆ ಮಲಗಿದಳು. ಶುಕ್ರವಾರವೂ ಹಾಗೇ ಕಳೆಯಿತು. ತಾನು ಮಾಡಿದ್ದು ಹಟವೋ ನ್ಯಾಯವೋ ಅವಳಿಗೆ ತಿಳಿಯಲಿಲ್ಲ. ಮೈದಾನದಲ್ಲಿ ಬೆರಳೆತ್ತಿದ ಮೇಲೆ ಮುಗಿಯಿತು. ಇಲ್ಲಿ ಏನೂ ಹೇಳದೆಯೇ ತಪ್ಪಿತಸ್ಥೆಯ ಹಾಗೆ ಕಾಯಬೇಕು. ಇಷ್ಟಕ್ಕೆ ತಮ್ಮನ ವರ್ಷದ ಬೆಳೆ ಹಾಳಾದರೆ ಎಂದುಕೊಂಡು, ಕೈ ಹಲವು ಸಲ ಫೋನಿನತ್ತ ಹೋಗಿ ಬಂತು.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಹನುಮೇಶನ ನಂಬರಿನಿಂದ ಕರೆ ಬಂತು. ಎತ್ತಿದಳು. ಆ ಕಡೆ ಉಸಿರು ಕೇಳುತ್ತಿತ್ತು. ಯಾರೋ ಕೆಮ್ಮಿದರು.

"ಅಕ್ಕ," ಎಂದ ಹನುಮೇಶ ಕೊನೆಗೆ. "ಇಬ್ರೂ ಅದೀವಿ."

"ಹೇಳ್ರಿ ಮತ್ತ."

"ನೀ ಹೇಳಿದಂಗ ಕೇಳ್ತೀನಿ," ಎಂದ ಹನುಮೇಶ, ಕಲ್ಲು ನುಂಗಿದವನ ಹಾಗೆ. ಹಿಂದಿನಿಂದ ಅಂಜಿನಿಯ ದನಿ, "ನಾನೂನು ಕೇಳ್ತೀನಿ."

ಅವಳು ಶಾಲೆಗೆ ರಜೆ ಹೇಳಿ ಮೊದಲ ಬಸ್ಸು ಹಿಡಿದಳು.

ಮಷಿನ್ನು ಆಗಲೇ ರಸ್ತೆಯ ಪಕ್ಕ ಬಂದು ನಿಂತಿತ್ತು. ಡ್ರೈವರು ತೆಲುಗಿನಲ್ಲಿ ಯಾರ ಹತ್ತಿರವೋ ಫೋನಿನಲ್ಲಿ ಜೋರು ಮಾಡುತ್ತಿದ್ದ. ತಮ್ಮಂದಿರಿಬ್ಬರೂ ದಾರಿಯ ಎರಡು ಬದಿಗೆ ನಿಂತಿದ್ದರು, ಒಬ್ಬರನ್ನೊಬ್ಬರು ನೋಡದೆ. ಅವಳು ಚಪ್ಪಲಿ ಬಿಟ್ಟು ಬದುವಿನ ಮೇಲೆ ನಡೆದಳು. ಹೋದ ವರ್ಷ ಒಡೆದ ಜಾಗ ಇನ್ನೂ ಹಾಗೇ ಇತ್ತು. ಹನುಮೇಶ ಮಣ್ಣಿನ ಚೀಲ ಇಟ್ಟು ಹೇಗೋ ನೀರು ತಡೆದಿದ್ದ. ಆ ಕಡೆಯ ಪೈರು ಉಳಿದದ್ದಕ್ಕಿಂತ ಗಿಡ್ಡ, ತೆನೆ ಜೊಳ್ಳು. ಮುಂದೆ ಹೋಗಿ ಅಂಜಿನಿಯ ಗದ್ದೆ ನೋಡಿದಳು. ತೆನೆ ತುಂಬಿ ನೆಲಕ್ಕೆ ಮುಟ್ಟುವಂತಿತ್ತು. ಇನ್ನೊಂದು ಮಳೆ ಬಿದ್ದರೆ ಮಲಗಿಬಿಡುವ ಭತ್ತ. ಎಡಬಲಕ್ಕೆ ಬೇರೆಯವರ ಗದ್ದೆ, ಹಿಂದೆ ಕಾಲುವೆ. ಬೇರೆ ದಾರಿಯಿಲ್ಲ.

ಅವಳು ತಿರುಗಿ ಬಂದು ಇಬ್ಬರ ನಡುವೆ ನಿಂತಳು. ಇಬ್ಬರಿಗೂ ಹೇಳುವುದನ್ನೆಲ್ಲ ಹೇಳಿ ಮುಗಿಸಲು ಬಿಟ್ಟಳು. ಎರಡು ವರ್ಷ ಅವಳ ಕಿವಿಗೆ ಸುರಿದದ್ದನ್ನು ಅವರು ಈಗ ಪರಸ್ಪರ ಕೇಳಬೇಕಾಯಿತು. ಬದು ಒಡೆದ ದಿನ ಹನುಮೇಶನ ಹೆಂಡತಿ ಆಸ್ಪತ್ರೆಯಲ್ಲಿದ್ದಳು, ನೀರು ನೋಡಲು ಯಾರೂ ಇರಲಿಲ್ಲ ಎಂಬುದು ಅಂಜಿನಿಗೆ ಗೊತ್ತಿರಲಿಲ್ಲ. ಅವನು ನೆಲ ನೋಡಿದ.

"ದಾರಿ ಅಪ್ಪ ಬಿಟ್ಟದ್ದು, ಅದು ದಾರಿನೇ," ಎಂದಳು ಜ್ಯೋತಿಲಕ್ಷ್ಮಿ. "ಅದರಾಗ ನಾಟಿ ಮಾಡಿದ್ದು ನಿನ್ನ ತಪ್ಪು ಹನುಮೇಶ. ಮಷಿನ್ ಹೋಗ್ಲಿ. ಆದ್ರ ಮಷಿನ್ ಬಂಡಿ ಅಲ್ಲ, ಅದೂ ಖರೇ. ಅಂಜಿನಿ, ದಾರಿಮ್ಯಾಲಿನ ಪೈರು ನೀನ ಕುಡುಗೋಲು ಹಿಡಿದು ಈಗಿಂದೀಗ ಕೊಯ್ದು ಅಣ್ಣನ ಕಣಕ್ಕ ಹಾಕು. ಮಷಿನ್ ಹೊರಬಿದ್ದ ಮ್ಯಾಲೆ ಬದು ನೀನ ಕಟ್ಟು. ಹೋದ ವರ್ಷದ್ದೂ ಸೇರಿಸಿ. ಪ್ರತಿ ಸುಗ್ಗಿಗೂ ಹಿಂಗೇ."

ಅಂಜಿನಿ ತಲೆಯಾಡಿಸಿ ಕುಡುಗೋಲಿಗೆ ಮನೆಯತ್ತ ಓಡಿದ. ಹನುಮೇಶ ಅಲ್ಲೇ ನಿಂತಿದ್ದ.

"ತಪ್ಪು ನಂದು ಅಂದಿ."

"ಅಂದೆ."

"ಅವನ ಮುಂದ ಬಾಯಿ ಬಿಟ್ಟು ಕೇಳ್ತೀನಿ ಅಂದೀನಿ. ಅದಕ್ಕ ಸುಮ್ನ ಅದೀನಿ. ಇಲ್ಲಂದಿದ್ರ ಕೇಳ್ತಿದ್ದಿಲ್ಲಕ್ಕ." ಅವನು ಹೆಗಲ ಟವೆಲ್ ಕೊಡವಿ ರಸ್ತೆಯತ್ತ ನಡೆದ. ಹಿಂದಿರುಗಿ ನೋಡಲಿಲ್ಲ.

ಮಷಿನ್ನು ಗದ್ದೆಗಿಳಿಯುವಾಗ ಮಧ್ಯಾಹ್ನವಾಗಿತ್ತು. ಜ್ಯೋತಿಲಕ್ಷ್ಮಿ ಕಾಲುವೆಯ ಏರಿಯ ಮೇಲೆ ಕೂತಿದ್ದಳು. ಉಚ್ಚೆಂಗೆಮ್ಮ ರೊಟ್ಟಿ, ಪುಂಡಿಪಲ್ಯದ ಗಂಟು ತಂದು ಪಕ್ಕದಲ್ಲಿ ಕೂತಳು. ಮಗಳಿಗೆ ಕೊಟ್ಟ ಎರಡು ರೊಟ್ಟಿಯ ಮೇಲೆ ಇನ್ನೊಂದನ್ನಿಟ್ಟಳು.

"ನಿನಗ ಫೋನ್ ಮಾಡಾಕ ಇಬ್ರೂ ಪಡಸಾಲ್ಯಾಗ ಕುಂತಿದ್ರು ನೋಡು," ಎಂದಳು ಅವ್ವ ಸ್ವಲ್ಪ ಹೊತ್ತಿಗೆ. "ಯಾರ ಫೋನಿಂದ ಮಾಡ್ಬೇಕು ಅನ್ನಾಕೂ ಜಗಳ. ಹೆಂಗೂ ಬಾಯಿಗೆ ಬಾಯಿ ಹತ್ತಿತಲ್ಲ ಅಂತ ನಾ ಚಾ ಕಾಸಿಕೊಟ್ಟೆ. ಕುಡಿದ್ರು."

ಜ್ಯೋತಿಲಕ್ಷ್ಮಿ ರೊಟ್ಟಿ ಮುರಿದಳು. ನಗಬೇಕೆನ್ನಿಸಿತು, ಅದಕ್ಕೂ ತ್ರಾಣ ಸಾಲಲಿಲ್ಲ.

ಸಂಜೆ ಅಂಜಿನಿ ಅವಳನ್ನು ಬೈಕಿನಲ್ಲಿ ಸಿರುಗುಪ್ಪದ ಬಸ್ ಸ್ಟ್ಯಾಂಡಿಗೆ ಬಿಟ್ಟ. ಅವನ ಕೈತುಂಬ ಭತ್ತದ ಗೀರುಗಳಿದ್ದವು. ನೀ ಇದ್ದದ್ದಕ್ಕೆ ಬೆಳೆ ಉಳಿಯಿತು ಎಂದು ಅವನು ಹೇಳಹೊರಟಾಗ ಅವಳು ತಡೆದಳು. "ನಿನ್ನ ಕಡಿ ಹೇಳಿಲ್ಲ ನಾನು. ನಾಳೆ ಮೊದಲು ಬದು ಕಟ್ಟು," ಎಂದಳು. ಹನುಮೇಶ ಬಂದಿರಲಿಲ್ಲ. ಬರುವನೆಂದು ಅವಳೂ ಎಣಿಸಿರಲಿಲ್ಲ. ಇನ್ನೊಂದು ದೀಪಾವಳಿ ಹೀಗೇ ಹೋಗುತ್ತದೆ ಎಂದುಕೊಂಡಳು.

ಬಸ್ಸು ಹೊರಟ ಮೇಲೆ ವಿಠ್ಠಲರಾಯರಿಗೆ ಫೋನ್ ಮಾಡಿ, ನಾಳೆಯ ಮ್ಯಾಚಿಗೆ ತಾನು ಬರುವುದಿಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದಳು. ರಾಯರು ಕಾರಣ ಕೇಳಿದರು.

"ಮಲಗಬೇಕ್ರಿ ಸರ್," ಎಂದಳು.

"ಮಲಗ್ರಿ, ಮಲಗ್ರಿ," ಎಂದರು ರಾಯರು.

ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ತೆಕ್ಕಲಕೋಟೆ ದಾಟಿತ್ತೋ ಏನೋ, ಫೋನು ನಡುಗಿತು. ಹನುಮೇಶ. ಬೈಗುಳಕ್ಕೆ ಸಿದ್ಧಳಾಗಿಯೇ ಕಿವಿಗಿಟ್ಟುಕೊಂಡಳು.

"ಅವ್ವನ ಬಿ.ಪಿ. ಗುಳಿಗಿ ಮುಗದಾವಂತ," ಎಂದ ಅವನು. ದನಿಯಲ್ಲಿ ಇನ್ನೂ ಬಿಗಿಯಿತ್ತು. "ಇಲ್ಲಿ ಸಿಗವಲ್ವು. ಬಳ್ಳಾರ್‍ಯಾಗ ತಗಂಡು ಮುಂದಿನ ಸಲ ಬರೋವಾಗ ತಗಂಬಾ."

"ತರ್ತೀನಿ."

"ಹೂಂ," ಎಂದು ಅವನು ಇಟ್ಟುಬಿಟ್ಟ.

ಅವಳು ಫೋನನ್ನು ಚೀಲದ ತಳಕ್ಕೆ ಹಾಕಿದಳು. ಪಕ್ಕದಲ್ಲಿ ಕೂತ ಹೆಂಗಸು, ಬಳ್ಳಾರಿಗೇನ್ರಿ ಎಂದು ಕೇಳಿದ್ದು ಅರ್ಧ ಕೇಳಿಸಿತು. ಹೌದು, ಬಂದರೆ ಎಬ್ಬಿಸಿರಿ ಎಂದು ಹೇಳಿ, ಅವಳು ಕಿಟಕಿಯ ಸರಳಿಗೆ ತಲೆಯಿಟ್ಟು ನಿದ್ದೆಹೋದಳು.